ಬಿಗ್ ಹೌಸ್‌ಗೆ ಮೊದಲ ಸಲ ಹೋಗುತ್ತಿದ್ದೀರಾ? ಆನ್ ಆರ್ಬರ್‌ನ ಫುಟ್‌ಬಾಲ್ ಶನಿವಾರಕ್ಕೆ ಹೀಗೆ ತಯಾರಾಗಿ

ಆಗಸ್ಟ್ ಕೊನೆ ಬಂತೆಂದರೆ ಮಿಶಿಗನ್‌ನ ನಮ್ಮ ಕನ್ನಡದವರಿಂದ ಅವೇ ಪ್ರಶ್ನೆಗಳು ಶುರುವಾಗುತ್ತವೆ. ‘ಮಗಳು ಯೂನಿವರ್ಸಿಟಿ ಆಫ್ ಮಿಶಿಗನ್ ಸೇರಿದ್ದಾಳೆ, ಒಂದು ಆಟ ನೋಡೋಣ ಬನ್ನಿ ಅಂತಿದ್ದಾಳೆ, ಟಿಕೆಟ್ ಎಲ್ಲಿ ತಗೊಳ್ಳೋದು?’ ‘ಕಾರು ಎಲ್ಲಿ ನಿಲ್ಲಿಸೋದು?’ ‘ಅತ್ತೆ-ಮಾವ ಊರಿಂದ ಬಂದಿದ್ದಾರೆ, ಅವರ ಕೈಲಿ ಆಗುತ್ತಾ?’ ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಬಿಗ್ ಹೌಸ್ ಅಂದರೆ ಆ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ಸ್ಟೇಡಿಯಂ, ಆನ್ ಆರ್ಬರ್ ಅದಿರುವ ಊರು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಟಿಕೆಟ್ ಸಿಗುವುದು ಅಂಥ ಕಷ್ಟವಲ್ಲ. ಆಟವೂ ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ. ಜನರ ದಿನ ಹಾಳಾಗುವುದು ಕಾರಿನಿಂದ. ಆನ್ ಆರ್ಬರ್‌ನ ಜನಸಂಖ್ಯೆ 2020ರ ಜನಗಣತಿಯಲ್ಲಿ ಸುಮಾರು 1,24,000 ಇತ್ತು. ಸ್ಟೇಡಿಯಂನಲ್ಲಿ ಕೂರಬಹುದಾದವರು 1,07,601. ಟಿಕೆಟ್ ಇಲ್ಲದೆ ಸುಮ್ನೆ ಗದ್ದಲ ನೋಡಲು ಬರುವವರು ಬೇರೆ. ಒಂದೇ ದಿನಕ್ಕೆ ಊರು ಎರಡರಷ್ಟಾಗುತ್ತದೆ, ರಸ್ತೆ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ಆಟ ಮುಗಿದ ಮೇಲೆ ಮನೆಗೆ ಹೇಗೆ ಹೋಗುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ. ಉಳಿದದ್ದೆಲ್ಲ ಆಮೇಲೆ.

ಜಾಗ ಎಂಥದು?

ಮಿಶಿಗನ್ ಸ್ಟೇಡಿಯಂ ಇರುವುದು ಮೇನ್ ಸ್ಟ್ರೀಟ್ ಮತ್ತು ಸ್ಟೇಡಿಯಂ ಬುಲೆವಾರ್ಡ್ ಸೇರುವ ಮೂಲೆಯಲ್ಲಿ. ಎಲ್ಲರೂ ಕರೆಯುವುದು ‘ಬಿಗ್ ಹೌಸ್’ ಎಂದು. ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಸ್ಟೇಡಿಯಂ ಇನ್ನೊಂದಿಲ್ಲ. ನಮ್ಮ ಚಿನ್ನಸ್ವಾಮಿಯ ಎರಡೂವರೆ ಪಟ್ಟಿಗಿಂತ ಜಾಸ್ತಿ ಜನ ಹಿಡಿಯುತ್ತದೆ. ಕಟ್ಟಿಸಿದ್ದು ಫೀಲ್ಡಿಂಗ್ ಯೋಸ್ಟ್ ಎಂಬ ಹಳೆಯ ಕೋಚ್, ಆಗ ಯೂನಿವರ್ಸಿಟಿಯ ಕ್ರೀಡಾ ನಿರ್ದೇಶಕರಾಗಿದ್ದವರು. ಮೊದಲ ಆಟ ನಡೆದದ್ದು 1927ರ ಅಕ್ಟೋಬರ್ 1ರಂದು. ಆಗ 72,000 ಜನಕ್ಕೆ ಜಾಗವಿತ್ತು.

ರಸ್ತೆಯಿಂದ ನೋಡಿದರೆ ಇಷ್ಟು ದೊಡ್ಡದು ಅನ್ನಿಸುವುದೇ ಇಲ್ಲ. ಯಾಕೆಂದರೆ ಮುಕ್ಕಾಲು ಪಾಲು ನೆಲದೊಳಗಿದೆ. ದೊಡ್ಡ ದೇವಸ್ಥಾನದ ಕಲ್ಯಾಣಿಯ ದಡದಲ್ಲಿ ನಿಂತ ಹಾಗೆ, ಗೇಟು ದಾಟಿದ ಮೇಲೆ ಮೆಟ್ಟಿಲು ಸಾಲುಗಳು ಕಾಲ ಕೆಳಗೆ ಇಳಿಯುತ್ತಾ ಹೋಗುತ್ತವೆ, ಮೈದಾನ ಎಲ್ಲೋ ತಳದಲ್ಲಿರುತ್ತದೆ. ಸೀಟು ಆರಿಸುವಾಗ ಇದು ನೆನಪಿರಲಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಂತ 1: ಆಟ ಆರಿಸಿಕೊಳ್ಳಿ

ಸೀಸನ್ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲ ವಾರ ಶುರುವಾಗಿ ನವೆಂಬರ್ ಕೊನೆಗೆ ಮುಗಿಯುತ್ತದೆ. ಆಟಗಳು ಹೆಚ್ಚುಕಮ್ಮಿ ಎಲ್ಲವೂ ಶನಿವಾರವೇ. ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಒಂದೇ, ಸೆಪ್ಟೆಂಬರ್‌ನ ಆಟ ನೋಡಿ. ಚಳಿ ಇರುವುದಿಲ್ಲ. ಎದುರಾಳಿ ಸಾಮಾನ್ಯವಾಗಿ ಸಣ್ಣ ಕಾಲೇಜಿನ ತಂಡ ಆಗಿರುವುದರಿಂದ ಟಿಕೆಟ್ ಅಗ್ಗ. ಬ್ಯಾಂಡು, ಗದ್ದಲ, ಜನಸಾಗರ ಎಲ್ಲ ಅಷ್ಟೇ ಇರುತ್ತದೆ.

ಪಕ್ಕದ ರಾಜ್ಯದ ಒಹಾಯೊ ಸ್ಟೇಟ್ ಯೂನಿವರ್ಸಿಟಿ ವಿರುದ್ಧದ ಆಟದ ಮಾತೇ ಬೇರೆ. 1897ರಲ್ಲಿ ಶುರುವಾದ ಹಗೆ ಅದು. ಬೆಸ ಸಂಖ್ಯೆಯ ವರ್ಷಗಳಲ್ಲಿ ಆನ್ ಆರ್ಬರ್‌ನಲ್ಲಿ, ಸಮ ಸಂಖ್ಯೆಯ ವರ್ಷಗಳಲ್ಲಿ ಅವರ ಊರಾದ ಕೊಲಂಬಸ್‌ನಲ್ಲಿ ನಡೆಯುತ್ತದೆ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರಾಂತ್ಯ, ಮೈ ಕೊರೆಯುವ ಚಳಿ, ಕೈ ಸುಡುವ ಬೆಲೆ. ಅದನ್ನೇ ಮೊದಲ ಆಟ ಮಾಡಿಕೊಳ್ಳಬೇಡಿ. ಇದೇ ರಾಜ್ಯದ ಇನ್ನೊಂದು ಯೂನಿವರ್ಸಿಟಿ ಮಿಶಿಗನ್ ಸ್ಟೇಟ್ ಜೊತೆಗಿನ ಆಟ ಸಾಮಾನ್ಯವಾಗಿ ಸಮ ಸಂಖ್ಯೆಯ ವರ್ಷಗಳಲ್ಲಿ ಇಲ್ಲಿಗೆ ಬರುತ್ತದೆ.

ಎಚ್ಚರಿಕೆ: ಆಟದ ತಾರೀಕು ಬೇಗ ಗೊತ್ತಾದರೂ ಸಮಯ ಗೊತ್ತಾಗುವುದಿಲ್ಲ. ಮಧ್ಯಾಹ್ನ ಹನ್ನೆರಡೋ, ಮೂರೂವರೆಯೋ, ರಾತ್ರಿ ಏಳೂವರೆಯೋ ಅನ್ನುವುದನ್ನು ಟಿವಿ ಚಾನೆಲ್‌ಗಳು ತೀರ್ಮಾನ ಮಾಡುತ್ತವೆ. ಎಷ್ಟೋ ಸಲ ಒಂದೆರಡು ವಾರ ಮುಂಚೆ ಮಾತ್ರ ತಿಳಿಯುತ್ತದೆ. ಅದೇ ಸಂಜೆಯ ವಿಮಾನ ಬುಕ್ ಮಾಡಬೇಡಿ, ರಾತ್ರಿ ಯಾರ ಮನೆಗೋ ಊಟಕ್ಕೆ ಬರುತ್ತೇವೆ ಅಂತ ಒಪ್ಪಿಕೊಳ್ಳಲೂ ಬೇಡಿ.

ಹಂತ 2: ಟಿಕೆಟ್ ಮತ್ತು ಸೀಟು

ಟಿಕೆಟ್ ಫೋನಿನಲ್ಲೇ ಬರುತ್ತದೆ, ಕಾಗದದ್ದು ಮರೆತುಬಿಡಿ. ಮೊದಲು ಯೂನಿವರ್ಸಿಟಿಯ ಕ್ರೀಡಾ ವಿಭಾಗದ ವೆಬ್‌ಸೈಟ್ ನೋಡಿ. ಅಲ್ಲಿ ಇಲ್ಲದಿದ್ದರೆ ಸ್ಟಬ್‌ಹಬ್, ಸೀಟ್‌ಗೀಕ್‌ನಂಥ ಮರುಮಾರಾಟದ ತಾಣಗಳಿವೆ. 2025ರ ಮೇ ತಿಂಗಳಿಗೆ ಮುಂಚೆ ಅಲ್ಲಿ ಮೊದಲು ಕಾಣುವ ಬೆಲೆಗೆ ಜನ ಮೋಸ ಹೋಗುತ್ತಿದ್ದರು. ಕೊನೆಯ ಪುಟದಲ್ಲಿ ಸೇವಾ ಶುಲ್ಕ ಸೇರಿ ಮೊತ್ತ ಎಲ್ಲಿಗೋ ಏರಿರುತ್ತಿತ್ತು. ಈಗ ಶುಲ್ಕ ಸೇರಿಸಿದ ಮೊತ್ತವನ್ನೇ ಮೊದಲು ತೋರಿಸಬೇಕು, ಅದನ್ನೇ ಹೋಲಿಸಿ ನೋಡಿ. ರಸ್ತೆಯಲ್ಲಿ ಬೋರ್ಡು ಹಿಡಿದು ನಿಂತವರ ಹತ್ತಿರ ಕೊಳ್ಳಬೇಡಿ. ಫೋನಿನ ಟಿಕೆಟ್ ಅಸಲಿಯೋ ನಕಲಿಯೋ ಅಂತ ಅಲ್ಲಿ ನಿಂತು ಪರೀಕ್ಷೆ ಮಾಡಲು ಆಗುವುದಿಲ್ಲ.

ಮಕ್ಕಳು ಅಲ್ಲೇ ಓದುತ್ತಿದ್ದರೆ ‘ನನ್ನ ಫ್ರೆಂಡ್ ಟಿಕೆಟ್ ಇದೆ, ಅಪ್ಪ ಅದರಲ್ಲೇ ಬರಲಿ’ ಅನ್ನುತ್ತಾರೆ. ವಿದ್ಯಾರ್ಥಿ ಟಿಕೆಟ್‌ಗೆ ವಿದ್ಯಾರ್ಥಿ ಗುರುತಿನ ಚೀಟಿ ಬೇಕು. ಬೇರೆಯವರು ಬಳಸಬೇಕಾದರೆ ಮೊದಲೇ ಹಣ ಕಟ್ಟಿ ಅದನ್ನು ಬದಲಾಯಿಸಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾಗಿ, ವಿದ್ಯಾರ್ಥಿಗಳ ಭಾಗದಲ್ಲಿ ಮೂರೂವರೆ ಗಂಟೆ ಯಾರೂ ಕೂರುವುದಿಲ್ಲ, ನಿಂತೇ ಇರುತ್ತಾರೆ. ಅಪ್ಪ-ಅಮ್ಮನಿಗೆ ಅದು ಬೇಡ.

ಸೀಟು ಆರಿಸುವಾಗ ನೋಡಬೇಕಾದ್ದು ಮೂರು.

ಮೊದಲನೆಯದು ಸಾಲು. ಒಂದನೇ ಸಾಲು ಅಂದರೆ ಮೈದಾನದ ಪಕ್ಕ, ಅಂದರೆ ಗುಂಡಿಯ ತಳ. ಇಳಿಯುವಾಗ ಏನೂ ಅನ್ನಿಸುವುದಿಲ್ಲ, ಶೌಚಾಲಯಕ್ಕೆ ಹತ್ತಿಕೊಂಡು ಹೋಗುವಾಗ ಗೊತ್ತಾಗುತ್ತದೆ. ಅಂಗಡಿ, ಶೌಚಾಲಯ ಎಲ್ಲ ಮೇಲೆಯೇ ಇವೆ. ಮಂಡಿನೋವಿನವರು ಜೊತೆಗಿದ್ದರೆ, ಒಳಗೆ ಬರುವ ದಾರಿಗೆ ಹತ್ತಿರದ ಸಾಲನ್ನು ನಕ್ಷೆಯಲ್ಲಿ ನೋಡಿ ಹಿಡಿಯಿರಿ. ಮೆಟ್ಟಿಲು ಹತ್ತಲು ಆಗದವರಿಗೆ, ಗಾಲಿಕುರ್ಚಿಯವರಿಗೆ ಪ್ರತ್ಯೇಕ ಜಾಗವಿದೆ, ಟಿಕೆಟ್ ಕೊಳ್ಳುವಾಗಲೇ ಅದನ್ನು ಕೇಳಬೇಕು. ಇನ್ನೊಂದು ವಿಷಯ, ಮೇಲಿನ ಸಾಲಿನಿಂದ ಆಟ ಚೆನ್ನಾಗಿಯೇ ಕಾಣುತ್ತದೆ. ಕೆಳಗೆ ಕೂತರೆ ಬದಿಯಲ್ಲಿ ನಿಂತ ಆಟಗಾರರ ಬೆನ್ನೇ ಅಡ್ಡ ಬರುತ್ತದೆ.

ಎರಡನೆಯದು ಬಿಸಿಲು. ಮೈದಾನ ಉತ್ತರ-ದಕ್ಷಿಣವಾಗಿದೆ. ಮಧ್ಯಾಹ್ನದ ಆಟದಲ್ಲಿ ಪೂರ್ವ ಬದಿಯವರ ಕಣ್ಣಿಗೆ ನೇರ ಬಿಸಿಲು ಬೀಳುತ್ತದೆ. ಪಶ್ಚಿಮ ಬದಿಯವರಿಗೆ ಸೂರ್ಯ ಬೆನ್ನ ಹಿಂದೆ, ಹೊತ್ತು ಇಳಿದಂತೆ ಹಿಂದಿನ ಎತ್ತರದ ಕಟ್ಟಡದ ನೆರಳೂ ಬರುತ್ತದೆ. ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಒಳ್ಳೆಯದು. ನವೆಂಬರ್‌ನಲ್ಲಿ ಅದೇ ನೆರಳು ನಡುಗಿಸುತ್ತದೆ, ಆಗ ಪೂರ್ವಕ್ಕೆ ಹೋಗಿ.

ಮೂರನೆಯದು ಕೂರುವ ಜಾಗ. ಬಹುಪಾಲು ಸೀಟುಗಳು ಕುರ್ಚಿಗಳಲ್ಲ, ಲೋಹದ ಉದ್ದನೆಯ ಬೆಂಚು. ಬೆಂಚಿನ ಮೇಲೆ ನಂಬರು, ಎರಡು ನಂಬರಿನ ನಡುವಿನ ಅಗಲ ಒಬ್ಬರಿಗೆ ಸಾಕಾಗುವಷ್ಟೇ. ಚಳಿಗಾಲದ ಕೋಟು ಹಾಕಿದರೆ ಅಷ್ಟೂ ಇರುವುದಿಲ್ಲ. ಭುಜ ತಾಗುತ್ತದೆ, ಹಿಂದಿನವರ ಮಂಡಿ ಬೆನ್ನಿಗೆ ಬಡಿಯುತ್ತದೆ. ಎಲ್ಲರಿಗೂ ಹಾಗೆಯೇ, ಬೇಜಾರು ಮಾಡಿಕೊಳ್ಳಬೇಡಿ.

ಹಂತ 3: ಕಾರು

ಇದನ್ನು ಎರಡು ಸಲ ಓದಿ.

ಸ್ಟೇಡಿಯಂಗೆ ಅಂಟಿಕೊಂಡಿರುವ ಪಾರ್ಕಿಂಗ್ ಜಾಗಗಳು ಹೆಚ್ಚಾಗಿ ಯೂನಿವರ್ಸಿಟಿಗೆ ದೇಣಿಗೆ ಕೊಟ್ಟವರ ಪಾಸಿಗೆ ಮೀಸಲು. ಸುಮ್ನೆ ಅಲ್ಲಿಗೆ ಹೋಗಿ ಸುತ್ತು ಹೊಡೆಯಬೇಡಿ. ಆಟದ ದಿನ ಸ್ಟೇಡಿಯಂ ಪಕ್ಕದ ಮೇನ್ ಸ್ಟ್ರೀಟನ್ನು ಗಂಟೆಗಟ್ಟಲೆ ಮುಂಚೆಯೇ ಮುಚ್ಚಿರುತ್ತಾರೆ. ಆದ್ದರಿಂದ ಫೋನಿನ ನಕ್ಷೆಯಲ್ಲಿ ‘ಮಿಶಿಗನ್ ಸ್ಟೇಡಿಯಂ’ ಅಂತ ಹಾಕಿಕೊಂಡು ಹೊರಡುವುದೇ ಮೊದಲ ತಪ್ಪು. ಕಾರು ನಿಲ್ಲಿಸುವ ಜಾಗದ ವಿಳಾಸ ಹಾಕಿ.

ನಿಮಗಿರುವ ದಾರಿಗಳು ಇವು.

*ಎದುರಿನ ಪಯೋನಿಯರ್ ಹೈಸ್ಕೂಲ್ ಮತ್ತು ಪಕ್ಕದ ಗಾಲ್ಫ್ ಮೈದಾನಗಳು.* ಹಣ ಕೊಟ್ಟು ನಿಲ್ಲಿಸಬಹುದು, ಹುಲ್ಲಿನ ಮೇಲೇ ಸಾಲಾಗಿ ನಿಲ್ಲಿಸುತ್ತಾರೆ. ಹಬ್ಬದ ವಾತಾವರಣ ಬೇಕಿದ್ದರೆ ಇದೇ ಸರಿಯಾದ ಜಾಗ. ಐ-94 ಹೆದ್ದಾರಿಯ 175ನೇ ಎಕ್ಸಿಟ್‌ನಲ್ಲಿ ಇಳಿದು ಆನ್ ಆರ್ಬರ್-ಸಲೀನ್ ರಸ್ತೆ ಹಿಡಿದರೆ ಈ ಕಡೆಗೆ ಬರುತ್ತೀರಿ. ಆಟಕ್ಕೆ ಮೂರು ಗಂಟೆ ಮುಂಚೆ ಬಂದರೆ ನೆಮ್ಮದಿ. ಹೊರಡುವಾಗ ಮಾತ್ರ ಒಂದು ಗಂಟೆ ಕಾರಿನಲ್ಲೇ ಕೂರಬೇಕಾಗಬಹುದು.

*ಅಕ್ಕಪಕ್ಕದ ಮನೆಗಳ ಅಂಗಳ.* ಸುತ್ತಲಿನ ಬೀದಿಗಳಲ್ಲಿ ಮನೆಯವರೇ ರಟ್ಟಿನ ಬೋರ್ಡು ಹಿಡಿದು ನಿಂತಿರುತ್ತಾರೆ, ತಮ್ಮ ಹುಲ್ಲುಹಾಸಿನ ಮೇಲೆ ಕಾರು ಹತ್ತಿಸಿಕೊಳ್ಳುತ್ತಾರೆ. ಬೋರ್ಡಿನಲ್ಲಿ ‘ಈಸಿ ಔಟ್’ ಎಂದು ಬರೆದಿದೆಯಾ ನೋಡಿ. ಹಾಗಿದ್ದರೆ ನಿಮ್ಮ ಕಾರಿನ ಹಿಂದೆ ಇನ್ನೊಂದು ಕಾರು ನಿಲ್ಲಿಸುವುದಿಲ್ಲ, ಯಾವಾಗ ಬೇಕಾದರೂ ತೆಗೆಯಬಹುದು. ಬರೆದಿಲ್ಲದಿದ್ದರೆ ಕೇಳಿ, ಇಲ್ಲವಾದರೆ ಹಿಂದಿನವರು ಬರುವ ತನಕ ಕಾಯಬೇಕಾಗುತ್ತದೆ. ನಗದು ಇಟ್ಟುಕೊಂಡಿರಿ.

*ಡೌನ್‌ಟೌನ್‌ನ ಬಹುಮಹಡಿ ಪಾರ್ಕಿಂಗ್.* ಯಾರು ಕೇಳಿದರೂ ನಾನು ಹೇಳುವುದು ಇದನ್ನೇ. ಫೋರ್ತ್ ಅಂಡ್ ವಿಲಿಯಂನಂಥ ಜಾಗದಲ್ಲಿ ಕಾರು ಬಿಟ್ಟು ಮೇನ್ ಸ್ಟ್ರೀಟ್ ಹಿಡಿದು ದಕ್ಷಿಣಕ್ಕೆ ನಡೆಯಿರಿ. ಹೆಚ್ಚೆಂದರೆ ಎರಡು ಕಿಲೋಮೀಟರ್, ಇಪ್ಪತ್ತೈದು ನಿಮಿಷ. ದಾರಿ ಕೇಳುವುದೇ ಬೇಡ, ಹಳದಿ ಅಂಗಿಯವರ ಹಿಂದೆ ಹೋದರಾಯಿತು. ವಾಪಸ್ ಬಂದಾಗ ಊಟದ ಜಾಗಗಳೆಲ್ಲ ಕಾಲಳತೆಯಲ್ಲೇ ಇರುತ್ತವೆ. ನೀವು ಊಟ ಮುಗಿಸುವಷ್ಟರಲ್ಲಿ ರಸ್ತೆ ಖಾಲಿಯಾಗಿರುತ್ತದೆ.

ಶಿಕಾಗೋದಿಂದ ಬರುವವರಿಗೆ ಆಮ್‌ಟ್ರಾಕ್‌ನ ‘ವುಲ್ವರೀನ್’ ರೈಲಿದೆ, ಆನ್ ಆರ್ಬರ್‌ನಲ್ಲೇ ನಿಲ್ಲುತ್ತದೆ. ಆಟದ ವಾರಾಂತ್ಯದಲ್ಲಿ ಊರಿನ ಹೋಟೆಲ್ ರೂಮುಗಳ ಬೆಲೆ ಏರಿಬಿಡುತ್ತದೆ. ಹತ್ತಿರದ ಊರುಗಳಾದ ಕ್ಯಾಂಟನ್ ಅಥವಾ ನೋವಿಯಲ್ಲಿ ಉಳಿದರೆ ಖರ್ಚು ಕಡಿಮೆ, ಇಡ್ಲಿ-ದೋಸೆಯೂ ಸಿಗುತ್ತದೆ, ನೋವಿಯಲ್ಲಿ ವೆಂಕಟೇಶ್ವರ ದೇವಸ್ಥಾನವೂ ಇದೆ.

ಹಂತ 4: ಏನು ಹಾಕಿಕೊಳ್ಳಬೇಕು, ಏನು ಬಿಟ್ಟು ಬರಬೇಕು

ತಂಡದ ಬಣ್ಣ ಜೋಳದ ಹಳದಿ ಮತ್ತು ಕಡುನೀಲಿ. ಇವೆರಡರಲ್ಲಿ ಯಾವುದಾದರೂ ಒಂದು ಮೈಮೇಲಿರಲಿ. ರಾಜ್ಯೋತ್ಸವದ ಸಮಯದಲ್ಲಿ ಕೆಲವರು ಹಳದಿ-ಕೆಂಪು ಶಾಲು ಹೊದ್ದು ಬರುತ್ತೇವೆ ಅನ್ನುತ್ತಾರೆ. ಹಳದಿ ಸರಿ, ಕೆಂಪು ಇಲ್ಲಿ ಒಹಾಯೊ ಸ್ಟೇಟ್‌ನ ಬಣ್ಣ. ಹಸಿರು ಮಿಶಿಗನ್ ಸ್ಟೇಟ್‌ನದು. ಆ ಎರಡು ಬಣ್ಣ ಬಿಟ್ಟು ಬನ್ನಿ.

ಚಳಿಯ ಲೆಕ್ಕ ಹೀಗಿದೆ. ಸ್ಟೇಡಿಯಂಗೆ ಚಾವಣಿಯಿಲ್ಲ. ಅಕ್ಟೋಬರ್ ಕೊನೆಯಿಂದ ಲೋಹದ ಬೆಂಚು ಮಂಜುಗಡ್ಡೆಯ ಹಾಗಿರುತ್ತದೆ, ಕಾಲ ಕೆಳಗಿನ ಕಾಂಕ್ರೀಟೂ ಅಷ್ಟೇ. ಚಳಿ ಮೊದಲು ಹತ್ತುವುದು ಪಾದದಿಂದ. ಎರಡು ಜೊತೆ ಉಣ್ಣೆ ಕಾಲುಚೀಲ, ದಪ್ಪ ಅಡಿಯ ಬೂಟು, ಟೋಪಿ, ಕೈಗವಸು ಬೇಕೇ ಬೇಕು. ಅಮ್ಮ ಸೀರೆಯಲ್ಲೇ ಬರುತ್ತೇನೆ ಅಂದರೆ ಒಳಗೆ ಥರ್ಮಲ್ ಪ್ಯಾಂಟು ಹಾಕಿಸಿ. ಮೆಟ್ಟಿಲುಗಳ ಮೇಲೆ ಜನರ ನಡುವೆ ನಡೆಯಬೇಕು, ಸೆರಗು-ನೆರಿಗೆ ಕಾಲಿಗೆ ಸಿಕ್ಕದಂತೆ ನೋಡಿಕೊಳ್ಳಿ.

ಛತ್ರಿ ಒಳಗೆ ಬಿಡುವುದಿಲ್ಲ. ಮಳೆಗೆ ರೇನ್‌ಕೋಟೇ ಗತಿ. ಬ್ಯಾಗಿನ ವಿಷಯದಲ್ಲಿ ತುಂಬಾ ಬಿಗಿ. ನಿಯಮ ಆಗಾಗ ಬದಲಾಗುವುದರಿಂದ ಆಟದ ವಾರ ಸ್ಟೇಡಿಯಂನ ಪುಟ ನೋಡಿ. ನೀರಿನ ಬಾಟಲಿಗೂ ಮಕ್ಕಳ ಟಿಕೆಟ್‌ಗೂ ಅಲ್ಲೇ ಉತ್ತರ ಸಿಗುತ್ತದೆ. ಬ್ಯಾಗೇ ತರದಿರುವುದು ಎಲ್ಲಕ್ಕಿಂತ ಸುಲಭ. ಗೇಟಿನ ಹತ್ತಿರ ಹೋಗಿ ‘ಕಾರಿನಲ್ಲಿ ಇಟ್ಟು ಬನ್ನಿ’ ಅನ್ನಿಸಿಕೊಂಡರೆ ಮೊದಲ ಅರ್ಧ ಆಟ ಹೋದಂತೆಯೇ. ಬಿಪಿ-ಶುಗರ್ ಮಾತ್ರೆ, ಕಾರ್ಡು, ಗುರುತಿನ ಚೀಟಿ, ಫೋನು, ಇಷ್ಟು ಜೇಬಿನಲ್ಲಿದ್ದರೆ ಸಾಕು.

ಹಂತ 5: ಗೇಟಿನ ತನಕ

ಟೇಲ್‌ಗೇಟ್ ಅನ್ನುವ ಮಾತು ತುಂಬಾ ಕೇಳುತ್ತೀರಿ. ಆಟಕ್ಕೆ ಮುಂಚೆ ಕಾರಿನ ಡಿಕ್ಕಿ ತೆಗೆದಿಟ್ಟು, ಪಕ್ಕದಲ್ಲಿ ಒಲೆ ಹೊತ್ತಿಸಿ, ಮಡಚುವ ಕುರ್ಚಿ ಹಾಕಿಕೊಂಡು ತಿಂದು ಕುಡಿದು ಹರಟುವುದೇ ಟೇಲ್‌ಗೇಟ್. ನಮ್ಮವರು ಪುಳಿಯೋಗರೆ, ಮೊಸರನ್ನ, ಚಕ್ಕುಲಿ ಕಟ್ಟಿಕೊಂಡು ಬಂದರೆ ಅದೂ ಟೇಲ್‌ಗೇಟೇ. ಪಕ್ಕದ ಕಾರಿನವರು ಕೇಳಿ ರುಚಿ ನೋಡುತ್ತಾರೆ, ನಾಲ್ಕು ಚಕ್ಕುಲಿ ಜಾಸ್ತಿಯೇ ಇರಲಿ.

ಕ್ಯಾಂಪಸ್ ಕಡೆಯಿಂದ ಬರುವವರು ಸ್ಟೇಟ್ ಸ್ಟ್ರೀಟ್‌ನಲ್ಲಿ ಇಳಿದು ಹೂವರ್ ಅವೆನ್ಯೂಗೆ ತಿರುಗುತ್ತಾರೆ. ಅಲ್ಲಿ ರೆವೆಲಿ ಹಾಲ್ ಇದೆ, ಯೂನಿವರ್ಸಿಟಿಯ ಮಾರ್ಚಿಂಗ್ ಬ್ಯಾಂಡಿನ ಮನೆ. ಆಟಕ್ಕೆ ಮುಂಚೆ ಬ್ಯಾಂಡು ಅಲ್ಲಿಂದ ಸ್ಟೇಡಿಯಂಗೆ ಮೆರವಣಿಗೆ ಹೊರಡುತ್ತದೆ. ರಸ್ತೆ ಪಕ್ಕ ನಿಂತರೆ ಡ್ರಮ್ಮಿನ ಪೆಟ್ಟು ಎದೆಗೇ ತಾಗುತ್ತದೆ. ಮಕ್ಕಳಿದ್ದರೆ ಇದನ್ನು ಮಾತ್ರ ತಪ್ಪಿಸಬೇಡಿ. ಸ್ಟೇಟ್ ಸ್ಟ್ರೀಟ್‌ನ ವಿದ್ಯಾರ್ಥಿ ಮನೆಗಳ ಮುಂದೆ ಬೆಳಗ್ಗೆಯೇ ಜೋರು ಸಂಗೀತ, ಕುಡಿತ ನಡೆದಿರುತ್ತದೆ. ಅದು ಇಷ್ಟವಾಗದ ಹಿರಿಯರನ್ನು ಮೇನ್ ಸ್ಟ್ರೀಟ್ ಮೂಲಕ ಕರೆದುಕೊಂಡು ಬನ್ನಿ.

ಆಟಕ್ಕೆ ಒಂದು ಗಂಟೆ ಮುಂಚೆ ಗೇಟಿನಲ್ಲಿರಿ. ಲಕ್ಷ ಜನ ಒಂದೇ ಕಡೆ ಸೇರಿದಾಗ ಫೋನಿನ ನೆಟ್‌ವರ್ಕ್ ಕೈಕೊಡುತ್ತದೆ. ಟಿಕೆಟನ್ನು ಮನೆಯಲ್ಲೇ ಫೋನಿನ ವಾಲೆಟ್‌ಗೆ ಸೇರಿಸಿಡಿ. ಜೊತೆಗಾರರು ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ. ‘ಗೇಟ್ ಹತ್ತಿರ’ ಅಂದರೆ ಸಾಲದು, ಯಾವ ನಂಬರಿನ ಗೇಟು ಅಂತ ಹೇಳಿ. ಒಮ್ಮೆ ಒಳಗೆ ಹೋದ ಮೇಲೆ, ಹೊರಗೆ ಬಂದರೆ ಮತ್ತೆ ಬಿಡುವುದಿಲ್ಲ ಎಂದೇ ಲೆಕ್ಕ ಹಾಕಿಕೊಳ್ಳಿ.

ಹಂತ 6: ಆಟ ನೋಡುವುದು

ಇದು ಕಾಲಿನಿಂದ ಒದೆಯುವ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ಒಂದೊಂದು ಕಡೆ 11 ಜನ. ಮೈದಾನ 100 ಗಜ. ಚೆಂಡು ಇರುವ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ ‘ಡೌನ್’ ಎನ್ನುತ್ತಾರೆ. 10 ಗಜ ದಾಟಿದರೆ ಮತ್ತೆ ಹೊಸದಾಗಿ ನಾಲ್ಕು, ದಾಟದಿದ್ದರೆ ಚೆಂಡು ಎದುರಾಳಿಗೆ. ಫಲಕದಲ್ಲಿ ‘3’ ಮತ್ತು ‘7’ ಎಂದು ಕಂಡರೆ ಇದು ಮೂರನೇ ಅವಕಾಶ, ಇನ್ನೂ 7 ಗಜ ಬಾಕಿ ಅಂತ ಅರ್ಥ. ಇಷ್ಟು ಗೊತ್ತಿದ್ದರೆ ಮುಕ್ಕಾಲು ಆಟ ಗೊತ್ತಾದಂತೆ.

ಚೆಂಡನ್ನು ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೊಂದು. ಆಟದ ನಡುವೆ ದೂರದಿಂದ ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಅಂಕ.

ಹೊಸಬರು ಎಡವುವುದು ಎಲ್ಲಿ ಗೊತ್ತಾ? ಕೂಗುವುದರಲ್ಲಿ. ನಮ್ಮ ತಂಡದ ಕೈಯಲ್ಲಿ ಚೆಂಡಿದ್ದಾಗ ಸುಮ್ಮನಿರಬೇಕು, ಯಾಕೆಂದರೆ ಆಟಗಾರರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಬೇಕು. ಎದುರಾಳಿಯ ಕೈಯಲ್ಲಿದ್ದಾಗ, ಅದರಲ್ಲೂ ಮೂರನೇ ಡೌನ್‌ನಲ್ಲಿ, ಗಂಟಲು ಹರಿಯುವ ಹಾಗೆ ಕೂಗಬೇಕು. ಮುಖ್ಯ ಘಟ್ಟದಲ್ಲಿ ಸುತ್ತಲಿನವರು ಜೇಬಿನಿಂದ ಕೀಲಿಗೊಂಚಲು ತೆಗೆದು ಗಲಗಲ ಅಲ್ಲಾಡಿಸುತ್ತಾರೆ, ನೀವೂ ಅಲ್ಲಾಡಿಸಿ. ಯಾರಾದರೂ ‘ಗೋ ಬ್ಲೂ’ ಅಂದರೆ ‘ಗೋ ಬ್ಲೂ’ ಅಂತಲೇ ಉತ್ತರ.

ಆಟ ಶುರುವಾಗುವ ಮೊದಲೇ ಸೀಟಿನಲ್ಲಿರಿ. ಪೂರ್ವ ಬದಿಯ ಸುರಂಗದಿಂದ ಆಟಗಾರರು ಓಡಿಬಂದು, ಮೈದಾನದ ನಡುವೆ ಹಿಡಿದ ಬ್ಯಾನರನ್ನು ಹಾರಿ ಹಾರಿ ಮುಟ್ಟುತ್ತಾರೆ. ರೆಕ್ಕೆಯ ಚಿತ್ರವಿರುವ ಹೆಲ್ಮೆಟ್‌ಗಳ ಆ ಸಾಲು ನೋಡಿದಾಗ ಆಟ ಗೊತ್ತಿಲ್ಲದವರೂ ಎದ್ದು ನಿಲ್ಲುತ್ತಾರೆ.

ಗಡಿಯಾರದಲ್ಲಿ 60 ನಿಮಿಷವಾದರೂ ಆಟ ಮುಗಿಯಲು ಮೂರೂವರೆ ಗಂಟೆ ಬೇಕು. ನಡುವೆ 20 ನಿಮಿಷದ ವಿರಾಮ. ಎಲ್ಲರೂ ಆಗ ಶೌಚಾಲಯಕ್ಕೆ ಏಳುತ್ತಾರೆ, ಬ್ಯಾಂಡು ಮೈದಾನಕ್ಕಿಳಿಯುವುದೂ ಆಗಲೇ. ವಿರಾಮಕ್ಕೆ ಐದು ನಿಮಿಷ ಮುಂಚೆಯೇ ಹೋಗಿ ಬಂದುಬಿಡಿ. ತಿನ್ನಲು ಸಸ್ಯಾಹಾರಿಗಳಿಗೆ ಪಾಪ್‌ಕಾರ್ನ್, ಪ್ರೆಟ್ಜೆಲ್, ಚೀಸ್ ಪಿಜ್ಜಾದಂಥವು ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ, ಊಟ ಮುಗಿಸಿಕೊಂಡೇ ಬನ್ನಿ.

ಸಿಡಿಲು ಹತ್ತಿರದಲ್ಲಿದ್ದರೆ ಆಟ ನಿಲ್ಲಿಸಿ ಎಲ್ಲರನ್ನೂ ಮೇಲೆ ಕಳಿಸುತ್ತಾರೆ. ಕೊನೆಯ ಸಿಡಿಲಿನಿಂದ ಕನಿಷ್ಠ ಅರ್ಧ ಗಂಟೆ ಕಾಯುವುದು ನಿಯಮ. 2011ರಲ್ಲಿ ವೆಸ್ಟರ್ನ್ ಮಿಶಿಗನ್ ಜೊತೆಗಿನ ಆಟವನ್ನು ಇದೇ ಕಾರಣಕ್ಕೆ ಮೂರನೇ ಕ್ವಾರ್ಟರ್‌ನಲ್ಲೇ (ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದರಲ್ಲೇ) ಮುಗಿಸಿದರು. ಲೋಹದ ಬೆಂಚಿನ ಮೇಲೆ ಕೂತಿರುತ್ತೀರಿ, ಹೇಳಿದ ತಕ್ಷಣ ಏಳಿ.

ಹಂತ 7: ವಾಪಸ್

ಆಟ ಮುಗಿದ ಕೂಡಲೇ ಓಡಬೇಡಿ. ಬ್ಯಾಂಡು ಇನ್ನೊಮ್ಮೆ ಮೈದಾನಕ್ಕೆ ಬಂದು ನುಡಿಸುತ್ತದೆ. ಕೂತು ಕೇಳಿ, ಅಷ್ಟರಲ್ಲಿ ಮೆಟ್ಟಿಲು ಖಾಲಿಯಾಗುತ್ತದೆ, ಹಿರಿಯರು ಕಂಬಿ ಹಿಡಿದು ನಿಧಾನವಾಗಿ ಹತ್ತಬಹುದು. ಊಬರ್ ಕರೆಸುವವರು ಗೇಟಿನಲ್ಲಿ ನಿಂತು ಕರೆಸಬೇಡಿ. ಗಾಡಿ ಒಳಗೆ ಬರಲು ರಸ್ತೆಯೇ ಇರುವುದಿಲ್ಲ, ದರವೂ ದುಪ್ಪಟ್ಟಾಗಿರುತ್ತದೆ. ಡೌನ್‌ಟೌನ್ ತನಕ ನಡೆದು, ಊಟ ಮಾಡಿ, ಆಮೇಲೆ ಕರೆಸಿ.

ಪದವಿ ಸಮಾರಂಭಕ್ಕೆ ಬರುವ ಅಪ್ಪ-ಅಮ್ಮಂದಿರಿಗೆ

ಯೂನಿವರ್ಸಿಟಿಯ ವಸಂತ ಕಾಲದ ಪದವಿ ಪ್ರದಾನವೂ ಇಲ್ಲೇ ನಡೆಯುತ್ತದೆ, ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರ. 1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್, 2010ರಲ್ಲಿ ಬರಾಕ್ ಒಬಾಮ ಮಾತಾಡಿದ್ದು ಇದೇ ಮೈದಾನದಲ್ಲಿ. ಕಾರು, ಬ್ಯಾಗು, ಮೆಟ್ಟಿಲುಗಳ ಬಗ್ಗೆ ಮೇಲೆ ಹೇಳಿದ್ದೆಲ್ಲ ಆ ದಿನಕ್ಕೂ ಅನ್ವಯಿಸುತ್ತದೆ. ಪದವೀಧರರು ಕೆಳಗೆ ಇರುತ್ತಾರೆ, ನೀವು ಮೇಲೆ. ಎಲ್ಲರದೂ ಒಂದೇ ಕಪ್ಪು ಗೌನು, ದೂರದಿಂದ ನಿಮ್ಮ ಮಗುವನ್ನು ಗುರುತಿಸುವುದು ಕಷ್ಟ. ಯಾವ ಬದಿಯಲ್ಲಿ ಕೂರುತ್ತಾರೆ ಅಂತ ಹಿಂದಿನ ರಾತ್ರಿಯೇ ಕೇಳಿಟ್ಟುಕೊಂಡು ಅದೇ ಬದಿಯ ಮೆಟ್ಟಿಲು ಹಿಡಿಯಿರಿ. ಬೆಂಗಳೂರಿನ ಬೇಸಿಗೆಯಿಂದ ನೇರ ಬಂದವರು ಮೇ ತಿಂಗಳು ಅಂತ ನಂಬಿ ತೆಳು ಬಟ್ಟೆಯಲ್ಲಿ ಹೊರಡುತ್ತಾರೆ. ಬೆಳಗಿನ ಹೊತ್ತು ಐದಾರು ಡಿಗ್ರಿ ಇದ್ದರೂ ಆಶ್ಚರ್ಯವಿಲ್ಲ, ರೇಷ್ಮೆ ಸೀರೆಯ ಮೇಲೆ ದಪ್ಪ ಸ್ವೆಟರ್ ಇರಲಿ.